ಸಂಘದ ಪಟ್ಟಿ ಯಾರ ಸ್ವತ್ತು?

ಕಳೆದ ವರ್ಷ ಶ್ರಾವಣದಲ್ಲಿ ನಮ್ಮ ಕನ್ನಡ ಸಂಘದಿಂದ ಪಂಢರಪುರ ಮತ್ತು ಗಾಣಗಾಪುರಕ್ಕೆ ಎರಡು ದಿನಗಳ ಪ್ರವಾಸ ಏರ್ಪಾಡಾಗಿತ್ತು. ಹೊರಡಲು ಐದು ದಿನ ಇರುವಾಗ ಸಂಘದ ಹಿರಿಯ ಸದಸ್ಯರೊಬ್ಬರು ನನಗೆ ಫೋನ್ ಮಾಡಿದರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ವಿಜಯಪುರದ ಕಡೆಯವರು, ಪುಣೆಗೆ ಬಂದು ನಲವತ್ತು ವರ್ಷ ದಾಟಿದೆ.

“ತಮ್ಮಾ, ಬಸ್ಸಿನ ರೊಕ್ಕ ಇನ್ನೊಮ್ಮೆ ಯಾಕ ತಗೊಂಡ್ರಿ?” ಎಂದು ಕೇಳಿದರು. ನಾವು ಯಾರೂ ತೆಗೆದುಕೊಂಡಿರಲಿಲ್ಲ.

ಹಿಂದಿನ ದಿನ ಯಾರೋ ಅವರಿಗೆ ಫೋನ್ ಮಾಡಿ, ಸಂಘದ ಕಚೇರಿಯಿಂದ ಮಾತನಾಡುತ್ತಿದ್ದೇನೆ ಎಂದಿದ್ದಾನೆ. ಬಸ್ಸಿನವರು ಬದಲಾಗಿದ್ದಾರೆ, ಹಳೆಯ ಮುಂಗಡ ವಾಪಸು ಬರುತ್ತದೆ, ಈಗ ಈ ಕೊಂಡಿಯ ಮೇಲೆ ಹೊಸದಾಗಿ ಕಟ್ಟಿಬಿಡಿ ಎಂದಿದ್ದಾನೆ. ಕಾಕಾ ಅವರ ಪೂರ್ತಿ ಹೆಸರು, ಸದಸ್ಯತ್ವದ ಸಂಖ್ಯೆ, ಕಟ್ಟಡದ ಹೆಸರು, ಜೊತೆಗೆ ಬರುತ್ತಿರುವ ಕಾಕು ಅವರ ವಯಸ್ಸು, ಎಲ್ಲವೂ ಅವನಿಗೆ ಗೊತ್ತಿತ್ತು. ಎರಡು ಸೀಟಿಗೆಂದು ಕಾಕಾ 9,600 ರೂಪಾಯಿ ಕಟ್ಟಿದ್ದರು.

1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಆ ಹಣ ಇನ್ನೂ ಬಂದಿಲ್ಲ. ಆದರೆ ಅಂದು ಕಾಕಾ ಹೇಳಿದ ಮಾತು ನನ್ನನ್ನು ಹಣಕ್ಕಿಂತ ಹೆಚ್ಚು ಕಾಡಿತು. “ಅಂವ ಕನ್ನಡದಾಗ ಮಾತಾಡಿದ್ನೋ ತಮ್ಮಾ. ಹಿಂದಿಯೊಳಗ ಕೇಳಿದ್ರ ನಾ ಕೊಡ್ತಿದ್ದಿಲ್ಲ. ನಮ್ಮ ಸಂಘದಾಂವನ ಇರಬೇಕು ಅನಕೊಂಡೆ.”

ಹೊರನಾಡಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನವಿಡೀ ಬೇರೆ ಭಾಷೆಗಳಲ್ಲಿ ವ್ಯವಹರಿಸುವ ನಮಗೆ ಫೋನಿನಲ್ಲಿ ಕನ್ನಡ ಕೇಳಿದೊಡನೆ ಅರ್ಧ ಎಚ್ಚರಿಕೆ ಕಳಚಿಬೀಳುತ್ತದೆ. ಆ ಮೋಸಗಾರನ ಬಳಿ ಇದ್ದದ್ದು ಎರಡೇ ಬಂಡವಾಳ: ನಮ್ಮ ಭಾಷೆ ಮತ್ತು ನಮ್ಮ ಪಟ್ಟಿ. ಭಾಷೆ ಅವನದ್ದೇ ಇರಬಹುದು. ಪಟ್ಟಿ ಮಾತ್ರ ನಾನು ಮಾಡಿದ್ದು.

ಕಚೇರಿಯಲ್ಲೊಂದು ನಿಯಮ, ಸಂಘದಲ್ಲೊಂದು

ಸಂಘದಲ್ಲಿ ಮೊದಲು ಒಂದು ದಪ್ಪ ರಟ್ಟಿನ ನೋಂದಣಿ ಪುಸ್ತಕವಿತ್ತು. 2021ರಲ್ಲಿ, ಕೊರೊನಾದ ಎರಡನೇ ಅಲೆಯ ಸಮಯದಲ್ಲಿ, ಯಾರಿಗೆ ಆಮ್ಲಜನಕ ಬೇಕು, ಯಾರ ಮನೆಗೆ ಊಟ ಕಳಿಸಬೇಕು, ಯಾರ ರಕ್ತದ ಗುಂಪು ಯಾವುದು ಎಂದು ತಡಕಾಡುವಾಗ ಆ ಪುಸ್ತಕ ಸಾಲಲಿಲ್ಲ. ಕಾರ್ಯದರ್ಶಿಗಳು “ನೀವು ಐಟಿಯವರು, ನೀವೇ ಮಾಡಿಕೊಡಿ” ಎಂದರು. ಎರಡು ರಾತ್ರಿ ಕೂತು ನಾಲ್ಕು ನೂರಕ್ಕೂ ಹೆಚ್ಚು ಸದಸ್ಯರ ವಿವರಗಳನ್ನು ಎಕ್ಸೆಲ್ಲಿಗೆ ಇಳಿಸಿದೆ. ಆಗ ಆ ಪಟ್ಟಿ ನಿಜಕ್ಕೂ ಉಪಕಾರಕ್ಕೆ ಬಂತು. ಅದನ್ನು ಮಾಡಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಕೊರೊನಾ ಹೋಯಿತು, ಪಟ್ಟಿ ಉಳಿಯಿತು, ಉಳಿದದ್ದಲ್ಲದೆ ಬೆಳೆಯಿತು. ಎಪ್ಪತ್ತೈದು ತುಂಬಿದವರ ಸನ್ಮಾನಕ್ಕೆಂದು ಹುಟ್ಟಿದ ದಿನಾಂಕ ಸೇರಿತು. ಪ್ರತಿಭಾ ಪುರಸ್ಕಾರಕ್ಕೆಂದು ಮಕ್ಕಳ ಹೆಸರು, ಶಾಲೆ, ಅಂಕಗಳು ಸೇರಿದವು. ಪ್ರವಾಸದ ಸಮಯದಲ್ಲಿ ವಸತಿಗೃಹದವರು ಕೇಳುತ್ತಾರೆಂದು ಆಧಾರ್ ಕಾರ್ಡಿನ ಫೋಟೋಗಳು ವಾಟ್ಸಾಪ್ ಗುಂಪಿನಲ್ಲೇ ಬಂದು ಬಿದ್ದವು. ಆ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ. “ನಿಮ್ಮ ವಿವರ ಸರಿಯಿದೆಯೇ ನೋಡಿಕೊಳ್ಳಿ” ಎಂದು ಪೂರ್ತಿ ಎಕ್ಸೆಲ್ ಕಡತವನ್ನು ಒಮ್ಮೆ ಅದೇ ಗುಂಪಿಗೆ ಹಾಕಿದವನೂ ನಾನೇ. ಅಲ್ಲಿಂದ ಅದು ಎಷ್ಟು ಕೈ ದಾಟಿತೋ, ಯಾರ ಹಳೆಯ ಫೋನಿನಲ್ಲಿ ಉಳಿಯಿತೋ, ಯಾವ ಪ್ರವಾಸ ಏಜೆಂಟನ ಕಂಪ್ಯೂಟರಿಗೆ ಹೋಯಿತೋ ಪತ್ತೆಯಾಗಲೇ ಇಲ್ಲ.

ಇದರಲ್ಲಿ ನನಗೆ ಹೆಚ್ಚು ನಾಚಿಕೆಯಾದ ಸಂಗತಿ ಬೇರೆಯೇ ಇದೆ. ನಾನು ಕೆಲಸ ಮಾಡುವ ಕಂಪನಿಗೆ ಯೂರೋಪಿನ ಗ್ರಾಹಕರಿದ್ದಾರೆ. ಅಲ್ಲಿನ ಜಿಡಿಪಿಆರ್ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ. ತಪ್ಪಿದರೆ ಕಂಪನಿಯ ಜಾಗತಿಕ ವಹಿವಾಟಿನ ಶೇಕಡಾ 4ರವರೆಗೆ ದಂಡ ಬೀಳಬಹುದು. ಹಾಗಾಗಿ ವರ್ಷಕ್ಕೊಮ್ಮೆ ತರಬೇತಿ, ಪರೀಕ್ಷೆ, ಸಹಿ. ಪರೀಕ್ಷಾರ್ಥ ಡೇಟಾಬೇಸಿನಲ್ಲಿ ನಾನೆಂದೂ ನೋಡದ ಜರ್ಮನ್ ಅಜ್ಜಿಯೊಬ್ಬಳ ಫೋನ್ ಸಂಖ್ಯೆಯನ್ನು ನಕ್ಷತ್ರ ಚಿಹ್ನೆಗಳಿಂದ ಮುಚ್ಚದೆ ನಾನು ಮುಂದೆ ಹೋಗುವುದಿಲ್ಲ. ಅದೇ ನನ್ನ ಫೋನಿನ ಗ್ಯಾಲರಿಯಲ್ಲಿ, ಮಗಳ ಹುಟ್ಟುಹಬ್ಬದ ಫೋಟೋಗಳ ನಡುವೆ, ಕಾಕಾ ಅವರ ಆಧಾರ್ ಕಾರ್ಡು ಮೂರು ತಿಂಗಳಿಂದ ಬಿದ್ದಿತ್ತು.

ಒಬ್ಬ ನಿವೃತ್ತ ನ್ಯಾಯಮೂರ್ತಿಯ ಅರ್ಜಿ

ನಮಗೂ ಈಗ ಅಂಥದೊಂದು ಕಾನೂನು ಇದೆ. ‘ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023’. ಅದರ ಹಿಂದೆ ಹನ್ನೊಂದು ವರ್ಷಗಳ ಕಥೆಯಿದೆ, ಆ ಕಥೆ ಒಬ್ಬ ಕನ್ನಡಿಗರಿಂದ ಶುರುವಾಗುತ್ತದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವರ್ಷ. ವಿಚಾರಣೆಯಲ್ಲಿ ಕೇಂದ್ರ ಸರ್ಕಾರ, ನಮ್ಮ ಸಂವಿಧಾನದಲ್ಲಿ ಖಾಸಗಿತನ ಎಂಬ ಮೂಲಭೂತ ಹಕ್ಕೇ ಇಲ್ಲ ಎಂದು ವಾದಿಸಿತು. ಅದಕ್ಕೆ ಆಧಾರವಾಗಿ 1954ರ ಎಂ.ಪಿ. ಶರ್ಮಾ ಪ್ರಕರಣದ ಎಂಟು ನ್ಯಾಯಮೂರ್ತಿಗಳ ತೀರ್ಪನ್ನೂ ಆಮೇಲಿನ ಖಡಕ್ ಸಿಂಗ್ ತೀರ್ಪನ್ನೂ ತೋರಿಸಿತು. ಎಂಟು ಜನರ ತೀರ್ಪನ್ನು ಮರುಪರಿಶೀಲಿಸಲು ಒಂಬತ್ತು ಜನ ಬೇಕಲ್ಲ? ಹಾಗಾಗಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ರಚನೆಯಾಯಿತು. 2017ರ ಆಗಸ್ಟ್ 24ರಂದು ಆ ಪೀಠ ಸರ್ವಾನುಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು, ಅದು 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಗಿದೆ. ಇಂದು ದೇಶದ ಯಾವ ನ್ಯಾಯಾಲಯದಲ್ಲಿ ಖಾಸಗಿತನದ ಮಾತು ಬಂದರೂ ವಕೀಲರು ‘ಪುಟ್ಟಸ್ವಾಮಿ’ ಎನ್ನುತ್ತಾರೆ. ಆ ಹಿರಿಯರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ತೀರ್ಪು ಬರುವ ಮೊದಲೇ, 2017ರ ಜುಲೈ ಕೊನೆಯಲ್ಲಿ, ಕಾನೂನಿನ ಕರಡು ಮಾಡಲು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಗಿತ್ತು. 1992-93ರ ಮುಂಬೈ ಗಲಭೆಗಳ ವಿಚಾರಣಾ ಆಯೋಗದಿಂದಾಗಿ ಮುಂಬೈ ಕನ್ನಡಿಗರಿಗೆ ಆ ಹೆಸರು ಚೆನ್ನಾಗಿ ಗೊತ್ತು. ಸಮಿತಿ 2018ರಲ್ಲಿ ವರದಿ ಕೊಟ್ಟಿತು. 2019ರಲ್ಲಿ ಮಸೂದೆ ಬಂತು, ಜಂಟಿ ಸಂಸದೀಯ ಸಮಿತಿಗೆ ಹೋಯಿತು, 2022ರಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಚಿಕ್ಕದಾದ ಹೊಸ ಮಸೂದೆ 2023ರ ಆಗಸ್ಟಿನಲ್ಲಿ ಎರಡೂ ಸದನಗಳಲ್ಲಿ ಪಾಸಾಗಿ, ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ನಿಯಮಗಳು ಪ್ರಕಟವಾಗಲು ಮತ್ತೆ 2025ರ ನವೆಂಬರ್ ಬರಬೇಕಾಯಿತು. ಆ ಅಧಿಸೂಚನೆಯಲ್ಲಿ ಸಂಸ್ಥೆಗಳಿಗೆ ತಯಾರಿಗೆಂದು 18 ತಿಂಗಳ ಕಾಲಾವಕಾಶವಿದೆ. ಅಂದರೆ ಮುಖ್ಯ ಕಟ್ಟಳೆಗಳೆಲ್ಲ ಪೂರ್ಣವಾಗಿ ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ.

ಪುಸ್ತಕಕ್ಕೆ ಇಲ್ಲ, ಎಕ್ಸೆಲ್ಲಿಗೆ ಇದೆ

ಕಾಕಾ ಪ್ರಕರಣದ ನಂತರ ನಾನು ಆ ಕಾಯ್ದೆಯನ್ನು ಮೊದಲ ಬಾರಿಗೆ ಸಂಘದ ಕಣ್ಣಿನಿಂದ ಓದಿದೆ. ಅಲ್ಲಿಯವರೆಗೆ ಅದು ಗೂಗಲ್, ಫೇಸ್‌ಬುಕ್, ಬ್ಯಾಂಕುಗಳಿಗೆ ಸಂಬಂಧಿಸಿದ ವಿಷಯ ಎಂದುಕೊಂಡಿದ್ದೆ. ಕಾರ್ಯಕಾರಿ ಸಮಿತಿಯಲ್ಲಿ ವಿಷಯ ಎತ್ತಿದಾಗ ಎದುರಾದ ಮೊದಲ ಪ್ರಶ್ನೆಯೂ ಅದೇ: “ನಾವೇನು ಬ್ಯಾಂಕಾ? ನಮಗ್ಯಾಕ್ರೀ ಇದೆಲ್ಲ?”

ಕಾಯ್ದೆಯ ಉತ್ತರ ಸ್ಪಷ್ಟವಾಗಿದೆ. ಅದರ ಪ್ರಕಾರ ‘ವ್ಯಕ್ತಿ’ ಎಂದರೆ ಕಂಪನಿ ಮಾತ್ರವಲ್ಲ, ನೋಂದಣಿಯಾಗಿರಲಿ ಬಿಡಲಿ, ಜನರ ಯಾವುದೇ ಕೂಟವೂ ಹೌದು. ಸಂಘ, ಮಹಿಳಾ ಮಂಡಳಿ, ಹೌಸಿಂಗ್ ಸೊಸೈಟಿ, ಯಕ್ಷಗಾನ ಮಂಡಳಿ ಎಲ್ಲವೂ ಬಂದವು. ನಿಮ್ಮ ಸ್ವಂತ ಫೋನಿನಲ್ಲಿ ಬಂಧು ಮಿತ್ರರ ಸಂಖ್ಯೆ ಇಟ್ಟುಕೊಂಡಿದ್ದೀರಲ್ಲ, ಅದಕ್ಕೆ ಕಾನೂನಿನ ಕಾಟವಿಲ್ಲ. ಒಬ್ಬ ವ್ಯಕ್ತಿ ಸ್ವಂತ ಅಥವಾ ಮನೆಯ ಬಳಕೆಗೆ ಇಟ್ಟುಕೊಂಡದ್ದು ಅದರ ಹೊರಗೆ. ಸಂಘ ಒಂದು ಮನೆಯಿದ್ದಂತೆ ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ, ಕಾನೂನು ಹಾಗೆ ಒಪ್ಪುವುದಿಲ್ಲ.

ಇನ್ನೊಂದು ಗೆರೆ ಕುತೂಹಲಕರವಾಗಿದೆ. ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದ ಮಾಹಿತಿಗೆ, ಅಥವಾ ಕಾಗದದ ಮೇಲೆ ಪಡೆದು ನಂತರ ಡಿಜಿಟಲ್ ಮಾಡಿದ ಮಾಹಿತಿಗೆ. ಅಂದರೆ ನಮ್ಮ ರಟ್ಟಿನ ಪುಸ್ತಕ ಕಪಾಟಿನಲ್ಲಿ ಇರುವಷ್ಟು ಕಾಲ ಈ ಕಾನೂನಿಗೆ ಅದರ ಗೊಡವೆಯಿಲ್ಲ. ನಾನು ಅದನ್ನು ಎಕ್ಸೆಲ್ಲಿಗೆ ಇಳಿಸಿದೆನಲ್ಲ, ಆ ಕ್ಷಣದಿಂದ ಅದು ಕಾನೂನಿನ ಮಾತಾಯಿತು. ಮೊದಲಿಗೆ ಇದು ವಿಚಿತ್ರ ಎನಿಸಿತು. ಆಮೇಲೆ ಯೋಚಿಸಿದಾಗ ಅರ್ಥವಾಯಿತು. ಪುಸ್ತಕವನ್ನು ಕದಿಯಬೇಕಾದರೆ ಕಚೇರಿಯ ಬೀಗ ಒಡೆಯಬೇಕು. ಎಕ್ಸೆಲ್ ಕಡತವನ್ನು ಕದಿಯಲು ‘ಫಾರ್ವರ್ಡ್’ ಒತ್ತಿದರೆ ಸಾಕು.

ಮಾಹಿತಿ ಯಾರಿಗೆ ಸೇರಿದ್ದೋ ಅವರನ್ನು ಕಾಯ್ದೆ ‘ಡೇಟಾ ಪ್ರಿನ್ಸಿಪಲ್’ ಎಂದು ಕರೆಯುತ್ತದೆ. ಆ ಮಾಹಿತಿಯನ್ನು ಯಾಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸುವ ಸಂಸ್ಥೆ ‘ಡೇಟಾ ಫಿಡ್ಯೂಷಿಯರಿ’. ಫಿಡ್ಯೂಷಿಯರಿ ಎಂದರೆ ನಂಬಿಕೆಯ ಮೇಲೆ ಒಪ್ಪಿಸಿದ್ದನ್ನು ಕಾಯುವವನು. ನಮ್ಮಲ್ಲಿ ಬಹಳಷ್ಟು ಜನ ಊರಿನ ಮನೆಯ ಕೀಲಿಕೈಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಬಂದವರು. ಮಳೆಗಾಲದಲ್ಲಿ ಸೋರುತ್ತದೆಯೇ ನೋಡಲಿ ಎಂದು ಕೊಟ್ಟಿರುತ್ತೇವೆ. ಅವರು ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅವರು ಮತ್ತೊಬ್ಬರಿಗೆ ಕೊಟ್ಟರೆ ಸುಮ್ಮನಿರುತ್ತೇವೆಯೇ? ಸಂಘದ ಪಟ್ಟಿಯೂ ಇಂಥ ಕೀಲಿಕೈಗಳ ಗೊಂಚಲೇ. ಸಂಘದ ಬಳಿ ಇದೆ, ಆದರೆ ಸಂಘದ್ದಲ್ಲ.

ಒಪ್ಪಿಗೆ, ಅದೂ ಕನ್ನಡದಲ್ಲಿ

ಕಾಯ್ದೆಯ ಜೀವಾಳ ಒಪ್ಪಿಗೆ. ಅದು ಸ್ವಇಚ್ಛೆಯದಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಇರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು, ಯಾವ ಅನುಮಾನಕ್ಕೂ ಎಡೆಯಿಲ್ಲದ ಸ್ಪಷ್ಟ ಕ್ರಿಯೆಯಿಂದ ಬಂದಿರಬೇಕು. ಮೊದಲೇ ಟಿಕ್ ಮಾಡಿಟ್ಟ ಚೌಕ ಒಪ್ಪಿಗೆಯಲ್ಲ. ಮೌನವೂ ಒಪ್ಪಿಗೆಯಲ್ಲ.

ಕಾಯ್ದೆಯೇ ಕೊಡುವ ಒಂದು ಉದಾಹರಣೆ ಚೆನ್ನಾಗಿದೆ. ಒಬ್ಬಾಕೆ ಫೋನಿನಲ್ಲಿ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಹಾಕಿಕೊಳ್ಳುತ್ತಾಳೆ. ಅದು ಚಿಕಿತ್ಸೆಗೆ ಬೇಕಾದ ಮಾಹಿತಿಯ ಜೊತೆಗೆ ಫೋನಿನ ಸಂಪರ್ಕ ಪಟ್ಟಿಯನ್ನೂ ಕೇಳುತ್ತದೆ. ಆಕೆ ಎರಡಕ್ಕೂ ಹೂಂ ಎನ್ನುತ್ತಾಳೆ. ಆದರೂ ಆ ಒಪ್ಪಿಗೆ ಚಿಕಿತ್ಸೆಗೆ ಮಾತ್ರ ಸಲ್ಲುತ್ತದೆ. ಜ್ವರಕ್ಕೆ ಔಷಧ ಹೇಳಲು ಆಕೆಯ ಅತ್ತಿಗೆಯ ಫೋನ್ ನಂಬರ್ ಯಾಕೆ ಬೇಕು? ಇಲ್ಲಿ ‘ಆಕೆ’ ಎಂದು ಬರೆದದ್ದೂ ಕಾಯ್ದೆಯನ್ನು ಅನುಸರಿಸಿಯೇ. ಗಂಡು, ಹೆಣ್ಣು ಯಾರೇ ಆಗಲಿ, ಈ ಕಾಯ್ದೆ ವ್ಯಕ್ತಿಯನ್ನು ಸ್ತ್ರೀಲಿಂಗದಲ್ಲೇ ಸಂಬೋಧಿಸುತ್ತದೆ.

ಹೊರನಾಡ ಕನ್ನಡಿಗರು ಗಮನಿಸಲೇಬೇಕಾದ ಅಂಶ ಮುಂದಿನದು. ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ನಮಗೆ ಇರಬೇಕು. ಕರ್ನಾಟಕದಲ್ಲಿ ಕನ್ನಡ, ಮಹಾರಾಷ್ಟ್ರದಲ್ಲಿ ಮರಾಠಿ ಎಂದು ಅಲ್ಲಿ ಹೇಳಿಲ್ಲ. ಆಯ್ಕೆ ವ್ಯಕ್ತಿಯದು, ರಾಜ್ಯದ್ದಲ್ಲ. ಚೆನ್ನೈಯ ಆಸ್ಪತ್ರೆಯಲ್ಲಿ, ಹೈದರಾಬಾದಿನ ವಿಮಾ ಕಂಪನಿಯಲ್ಲಿ, ದೆಹಲಿಯ ಶಾಪಿಂಗ್ ಆ್ಯಪಿನಲ್ಲಿ ನಮ್ಮ ತಾಯಂದಿರು ಅದನ್ನು ಕನ್ನಡದಲ್ಲಿ ತೋರಿಸಿ ಎಂದು ಕೇಳಬಹುದು. ಅಂಗಡಿಯಲ್ಲಿ, ರಿಕ್ಷಾದಲ್ಲಿ ಭಾಷೆಗಾಗಿ ನಡೆಯುವ ಜಗಳಗಳ ನಡುವೆ ಸದ್ದಿಲ್ಲದೆ ಸಿಕ್ಕಿರುವ ಭಾಷಾ ಹಕ್ಕು ಇದು. ಆದರೆ ಬಳಸದಿದ್ದರೆ ಹಕ್ಕು ಉಳಿಯುವುದಿಲ್ಲ. ಎಂಟನೇ ಅನುಸೂಚಿಯಲ್ಲಿ ಕೊಂಕಣಿ ಇದೆ, ತುಳು ಮತ್ತು ಕೊಡವ ಭಾಷೆಗಳು ಇನ್ನೂ ಇಲ್ಲ ಎಂಬುದನ್ನೂ ಇಲ್ಲೇ ನೆನಪಿಸಬೇಕು.

ಪ್ರತಿಯೊಂದಕ್ಕೂ ಒಪ್ಪಿಗೆ ಪತ್ರ ಬೇಕೆಂದೇನೂ ಇಲ್ಲ. ಸದಸ್ಯರೊಬ್ಬರು ಕಾರ್ಯಕ್ರಮದ ಸುದ್ದಿ ತಿಳಿಯಲೆಂದು ತಾವಾಗಿ ನಂಬರ್ ಕೊಟ್ಟರೆ, ಅವರು ಬೇಡವೆನ್ನುವವರೆಗೆ ಆ ಕೆಲಸಕ್ಕೆ ಅದನ್ನು ಬಳಸಬಹುದು. ಆದರೆ ಅದೇ ನಂಬರನ್ನು ಡೈರೆಕ್ಟರಿಯಲ್ಲಿ ಅಚ್ಚು ಹಾಕುವುದು, ಕಾರ್ಯಕ್ರಮದ ಪ್ರಾಯೋಜಕರಾದ ಬಿಲ್ಡರ್‌ಗೆ ಕೊಡುವುದು ಬೇರೆ ಕೆಲಸಗಳು. ಅವಕ್ಕೆ ಬೇರೆಯಾಗಿಯೇ ಕೇಳಬೇಕು. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂ ಬರಬೇಕು.

ನಮ್ಮ ಸಮಿತಿಯಲ್ಲಿ ಈ ಮಾತು ಬಂದಾಗ ಒಬ್ಬ ಹಿರಿಯರು, “ನಮ್ಮ ನಮ್ಮೊಳಗೆ ಎಂಥ ಗುಟ್ಟು?” ಎಂದರು. ಅದುವರೆಗೆ ಸುಮ್ಮನಿದ್ದ ಅಕ್ಕ ಒಬ್ಬರು ಆಗ ಬಾಯಿ ಬಿಟ್ಟರು. ಹಿಂದಿನ ಡೈರೆಕ್ಟರಿಯಲ್ಲಿ ಅವರ ನಂಬರ್ ಅಚ್ಚಾದ ಮೇಲೆ ಎರಡು ತಿಂಗಳು ರಾತ್ರಿ ಹೊತ್ತಿನಲ್ಲಿ ಅಪರಿಚಿತ ನಂಬರಿನಿಂದ ಸಂದೇಶಗಳು ಬರುತ್ತಿದ್ದವಂತೆ. ಮನೆಯಲ್ಲೂ ಹೇಳಲಾಗದೆ, ಸಂಘದಲ್ಲೂ ಹೇಳಲಾಗದೆ, ಕೊನೆಗೆ ಸಿಮ್ ಬದಲಾಯಿಸಿ ವಾಟ್ಸಾಪ್ ಗುಂಪು ಬಿಟ್ಟಿದ್ದರು. ಅವರು ಗುಂಪು ಬಿಟ್ಟದ್ದನ್ನು ನಾವೆಲ್ಲ ನೋಡಿದ್ದೆವು. ಯಾಕೆಂದು ಯಾರೂ ಕೇಳಿರಲಿಲ್ಲ. ಆ ಹಿರಿಯರು ಮತ್ತೆ ಮಾತಾಡಲಿಲ್ಲ.

ಮಕ್ಕಳು, ಅಗಲಿದವರು

ಹದಿನೆಂಟು ತುಂಬದ ಮಕ್ಕಳ ಮಾಹಿತಿಗೆ ತಂದೆ ತಾಯಿಯ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ಮೇಲೆ ಕಣ್ಣಿಟ್ಟು ಜಾಹೀರಾತು ತೋರಿಸುವುದನ್ನು ಕಾಯ್ದೆ ನಿಷೇಧಿಸುತ್ತದೆ. ಸಂಘಗಳ ಮಟ್ಟಿಗೆ ಇದು ಪ್ರತಿಭಾ ಪುರಸ್ಕಾರದ ಪ್ರಶ್ನೆ. ನಾವು ಪ್ರತಿ ವರ್ಷ ಮಕ್ಕಳ ಹೆಸರು, ಶಾಲೆ, ಶೇಕಡಾವಾರು ಅಂಕ, ಫೋಟೋ ಸಮೇತ ಫೇಸ್‌ಬುಕ್ಕಿನಲ್ಲಿ ಹಾಕುತ್ತಿದ್ದೆವು. ಅಭಿಮಾನದಿಂದಲೇ ಹಾಕುತ್ತಿದ್ದೆವು. ಆದರೆ ಮಗು ಯಾವ ಶಾಲೆಗೆ ಹೋಗುತ್ತದೆ, ತಂದೆಯ ಹೆಸರೇನು, ಯಾವ ಬಡಾವಣೆ ಎಂಬುದೆಲ್ಲ ಒಂದೇ ಚಿತ್ರದಲ್ಲಿ ಸಿಗುತ್ತಿತ್ತು. ಕಡಿಮೆ ಅಂಕ ಬಂದು ಹೆಸರಿಲ್ಲದ ಮಕ್ಕಳ ಅಂಕಪಟ್ಟಿಯೂ ನಮ್ಮ ಬಳಿಯೇ ಉಳಿಯುತ್ತಿತ್ತು.

ಇನ್ನೊಂದು ಕಡೆ ಅಗಲಿದವರು. ನಮ್ಮ ಎಕ್ಸೆಲ್ ಪ್ರತಿ ಬೆಳಿಗ್ಗೆ ಹುಟ್ಟುಹಬ್ಬದ ಶುಭಾಶಯ ಕಳಿಸುತ್ತಿತ್ತು. ಸದಸ್ಯರೊಬ್ಬರು ತೀರಿಕೊಂಡ ನಾಲ್ಕು ತಿಂಗಳ ಮೇಲೆ ಅವರ ನಂಬರಿಗೆ “ನೂರ್ಕಾಲ ಬಾಳಿ” ಎಂಬ ಸಂದೇಶ ಹೋಯಿತು. ಫೋನ್ ಅವರ ಪತ್ನಿಯ ಕೈಯಲ್ಲಿತ್ತು. ಹೊಸ ಕಾಯ್ದೆಯಲ್ಲಿ ನಾಮನಿರ್ದೇಶನದ ಹಕ್ಕಿದೆ. ನಾವು ತೀರಿಕೊಂಡರೆ ಅಥವಾ ಅಶಕ್ತರಾದರೆ ನಮ್ಮ ಮಾಹಿತಿಯ ಬಗ್ಗೆ ಯಾರು ಮಾತನಾಡಬೇಕೆಂದು ಮೊದಲೇ ಹೆಸರಿಸಬಹುದು. ಇದರ ಜೊತೆಗೆ ನಮ್ಮ ಯಾವ ಮಾಹಿತಿ ನಿಮ್ಮಲ್ಲಿದೆ, ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ, ಬೇಡವಾದರೆ ಅಳಿಸಿಸುವ ಹಕ್ಕುಗಳಿವೆ.

ಸೋರಿದರೆ ಏನು?

ಮಾಹಿತಿ ಸೋರಿದ್ದು ತಿಳಿದ ಕೂಡಲೇ ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತರಾದ ಪ್ರತಿಯೊಬ್ಬರಿಗೂ ತಿಳಿಸಬೇಕು. ಮಂಡಳಿಗೆ ಪೂರ್ಣ ವಿವರ ಕೊಡಲು 72 ಗಂಟೆಗಳ ಗಡುವು. ತಕ್ಕ ಭದ್ರತೆ ಇಟ್ಟುಕೊಳ್ಳದೆ ಸೋರಿದರೆ 250 ಕೋಟಿ ರೂಪಾಯಿಯವರೆಗೆ, ತಿಳಿಸದೆ ಮುಚ್ಚಿಟ್ಟರೆ 200 ಕೋಟಿಯವರೆಗೆ ದಂಡ. ಅಂಕಿ ಕೇಳಿ ಯಾವ ಖಜಾಂಚಿಯೂ ರಾಜೀನಾಮೆ ಕೊಡಬೇಕಾಗಿಲ್ಲ. ಅದು ಗರಿಷ್ಠ ಮಿತಿ, ತಪ್ಪಿನ ಸ್ವರೂಪ ಮತ್ತು ಗಾಂಭೀರ್ಯ ನೋಡಿ ಮಂಡಳಿ ನಿರ್ಧರಿಸುತ್ತದೆ. ಆದರೆ ‘ಪಟ್ಟಿ ಸೋರಿದ್ದು ಬಸ್ ಏಜೆಂಟನಿಂದ, ನಮ್ಮಿಂದಲ್ಲ’ ಎಂದು ಕೈ ತೊಳೆದುಕೊಳ್ಳಲು ಬರುವುದಿಲ್ಲ. ನಮ್ಮ ಪರವಾಗಿ ಕೆಲಸ ಮಾಡುವವರ ಹೊಣೆಯೂ ನಮ್ಮದೇ.

ಕಾಕಾ ವಿಷಯದಲ್ಲಿ ನಾವು ಮೊದಲು ಮಾಡಿದ್ದೇನು? ಸಂಘದ ಹೆಸರು ಕೆಡುತ್ತದೆಂದು ಎರಡು ದಿನ ಸುಮ್ಮನಿದ್ದೆವು. ಆ ಎರಡು ದಿನಗಳಲ್ಲಿ ಇನ್ನೂ ಇಬ್ಬರಿಗೆ ಅದೇ ಫೋನ್ ಬಂತು. ಒಬ್ಬರು ಪುಣ್ಯಕ್ಕೆ ಮಗಳನ್ನು ಕೇಳಿ ಉಳಿದರು, ಇನ್ನೊಬ್ಬರು ಹಣ ಕಟ್ಟಿದರು. ಕಾನೂನು ತಕ್ಷಣ ತಿಳಿಸಿ ಎನ್ನುವುದು ಯಾಕೆಂದು ನನಗೆ ಅರ್ಥವಾದದ್ದು ಆ ಎರಡನೆಯವರ ಮನೆಗೆ ಕ್ಷಮೆ ಕೇಳಲು ಹೋದಾಗ.

ಕಾನೂನು ಮುಟ್ಟದ ಜಾಗಗಳು

ಈ ಕಾಯ್ದೆಯನ್ನು ಹೊಗಳಿ ಅಟ್ಟಕ್ಕೇರಿಸಲು ನಾನು ಇದನ್ನು ಬರೆಯುತ್ತಿಲ್ಲ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಕೇಂದ್ರ ಸರ್ಕಾರ ತನ್ನ ಯಾವುದೇ ಸಂಸ್ಥೆಯನ್ನು ಕಾಯ್ದೆಯಿಂದ ಪೂರ್ತಿ ಹೊರಗಿಡಬಹುದು. 2019ರ ಮಸೂದೆಯಲ್ಲಿ ಇಂಥದೇ ವಿನಾಯಿತಿ ಇದ್ದಾಗ ಸ್ವತಃ ನ್ಯಾಯಮೂರ್ತಿ ಶ್ರೀಕೃಷ್ಣ ಅವರೇ ಅದನ್ನು ಕಟುವಾಗಿ ಟೀಕಿಸಿದ್ದರು. ಈ ಕಾಯ್ದೆಯ ಮೂಲಕವೇ ಮಾಹಿತಿ ಹಕ್ಕು ಕಾಯ್ದೆಗೂ ತಿದ್ದುಪಡಿಯಾಗಿದೆ. ಅದರಿಂದ ಅಧಿಕಾರಿಗಳ ಕುರಿತ ಮಾಹಿತಿ ಪಡೆಯುವುದು ಕಷ್ಟವಾಗುತ್ತದೆಂದು ಆ ಕ್ಷೇತ್ರದ ಕಾರ್ಯಕರ್ತರು ಆಕ್ಷೇಪಿಸಿದ್ದಾರೆ.

ಕಾಕಾ ಅಂಥವರ ದೃಷ್ಟಿಯಿಂದ ನೋಡಿದರೆ ದೊಡ್ಡ ಕೊರತೆ ಇನ್ನೊಂದು. ದಂಡದ ಹಣವೆಲ್ಲ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ನಷ್ಟ ಅನುಭವಿಸಿದವರಿಗೆ ಪರಿಹಾರ ಕೊಡಿಸುವ ಏರ್ಪಾಡು ಇದರಲ್ಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಲ್ಲಿ ಇದ್ದ ಪರಿಹಾರದ ದಾರಿಯನ್ನೂ ಹೊಸ ಕಾಯ್ದೆ ತೆಗೆದುಹಾಕುತ್ತದೆ. ಅಂದರೆ ಪಟ್ಟಿ ಸೋರಿಸಿದ ಸಂಸ್ಥೆಗೆ ಕೋಟಿ ದಂಡ ಬಿದ್ದರೂ ಕಾಕಾ ಅವರ 9,600 ರೂಪಾಯಿ ಅದರಿಂದ ಬರುವುದಿಲ್ಲ. ಆದ್ದರಿಂದ ಸೋರಿದ ಮೇಲೆ ಕಾನೂನು ನೋಡಿಕೊಳ್ಳುತ್ತದೆ ಎಂದು ಕೂರುವ ಹಾಗಿಲ್ಲ. ಸೋರದಂತೆ ನೋಡಿಕೊಳ್ಳುವುದೊಂದೇ ದಾರಿ.

ನಾವು ಮಾಡಿದ್ದು

2025ರ ನವೆಂಬರಿನಲ್ಲಿ ನಿಯಮಗಳು ಬಂದ ಮೇಲೆ ಸಮಿತಿ ನನಗೇ ಈ ಕೆಲಸ ಒಪ್ಪಿಸಿತು. ಖರ್ಚು ಏನೂ ಆಗಲಿಲ್ಲ, ನಾಲ್ಕು ಭಾನುವಾರಗಳು ಹೋದವು. ಬೇರೆ ಊರಿನ ಸಂಘಗಳಿಗೂ ಅನುಕೂಲವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪ್ರತಿ ಕಾಲಮಿನ ಮುಂದೆ ‘ಇದು ಯಾಕೆ ಬೇಕು?’ ಎಂದು ಬರೆದೆವು. ಉತ್ತರ ಸಿಗದ ಕಾಲಮುಗಳನ್ನು ಅಳಿಸಿದೆವು. ಹುಟ್ಟಿದ ಪೂರ್ತಿ ದಿನಾಂಕ ಹೋಗಿ ಹುಟ್ಟಿದ ವರ್ಷ ಮಾತ್ರ ಉಳಿಯಿತು. ಸನ್ಮಾನಕ್ಕೆ ಅಷ್ಟು ಸಾಕು.

ಆಧಾರ್ ಫೋಟೋಗಳನ್ನೆಲ್ಲ ಅಳಿಸಿದೆವು, ಸಮಿತಿಯ ಪ್ರತಿಯೊಬ್ಬರ ಫೋನಿನ ಗ್ಯಾಲರಿಯಿಂದಲೂ. ಇನ್ನು ಮುಂದೆ ಪ್ರವಾಸಕ್ಕೆ ಹೋಗುವವರು ಗುರುತಿನ ಚೀಟಿಯನ್ನು ತಾವೇ ಜೊತೆಗೆ ತಂದು ವಸತಿಗೃಹದಲ್ಲಿ ತೋರಿಸುತ್ತಾರೆ. ಪ್ರತಿ ಕೊಡಲೇಬೇಕಾದರೆ ಮಾಸ್ಕ್ ಮಾಡಿದ ಆಧಾರ್ ಕೊಡಬಹುದು. ಅದರಲ್ಲಿ ಮೊದಲ ಎಂಟು ಅಂಕಿಗಳು ಮುಚ್ಚಿದ್ದು ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಆಧಾರ್ ಜಾಲತಾಣದಿಂದ ಅದನ್ನು ಉಚಿತವಾಗಿ ಇಳಿಸಿಕೊಳ್ಳಬಹುದು.

ದೊಡ್ಡ ವಾಟ್ಸಾಪ್ ಗುಂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದೆವು. ಸುದ್ದಿ ಎಲ್ಲರಿಗೂ ಹೋಗುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಹರಟೆಗೆ ಬೇಕಾದವರಿಗೆ ಬೇರೆ ಗುಂಪಿದೆ, ಅಲ್ಲಿಗೆ ತಾವಾಗಿ ಬಂದವರು ಮಾತ್ರ ಇದ್ದಾರೆ.

ಬಸ್ ಏಜೆಂಟರಿಗೆ ಹೆಸರು ಮತ್ತು ಸೀಟು ಸಂಖ್ಯೆ ಮಾತ್ರ ಕೊಡುತ್ತೇವೆ. ಪ್ರವಾಸ ಮುಗಿದ ಮೇಲೆ ಅಳಿಸುತ್ತೇವೆಂದು ಅವರಿಂದ ಬರೆಸಿಕೊಳ್ಳುತ್ತೇವೆ.

ಪಟ್ಟಿ ಈಗ ಇಬ್ಬರ ಬಳಿ ಮಾತ್ರ ಇದೆ, ಪಾಸ್‌ವರ್ಡ್ ಹಾಕಿದ ಜಾಗದಲ್ಲಿ. ಸಮಿತಿ ಬದಲಾದ ದಿನ ಪಾಸ್‌ವರ್ಡೂ ಬದಲಾಗುತ್ತದೆ. ಸದಸ್ಯತ್ವ ಬಿಟ್ಟವರ, ತೀರಿಕೊಂಡವರ ವಿವರ ತೆಗೆಯಲು ವರ್ಷಕ್ಕೊಮ್ಮೆ, ಯುಗಾದಿಯ ನಂತರದ ಭಾನುವಾರ, ದಿನ ಗೊತ್ತು ಮಾಡಿದ್ದೇವೆ.

ಕೊನೆಯದಾಗಿ ಕನ್ನಡದಲ್ಲಿ ಒಂದು ಪುಟದ ಅರ್ಜಿ. ‘ಕಾರ್ಯಕ್ರಮದ ಸುದ್ದಿ ಕಳಿಸಬಹುದೇ? ಡೈರೆಕ್ಟರಿಯಲ್ಲಿ ನಿಮ್ಮ ನಂಬರ್ ಹಾಕಬಹುದೇ? ಮಕ್ಕಳ ಫೋಟೋ ಹಾಕಬಹುದೇ? ಯಾರಿಗಾದರೂ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದರೆ ನಿಮ್ಮ ನಂಬರ್ ಕೊಡಬಹುದೇ?’ ಎಂದು ಬೇರೆ ಬೇರೆ ಪ್ರಶ್ನೆಗಳು, ಪ್ರತಿಯೊಂದಕ್ಕೂ ಖಾಲಿ ಚೌಕ. ಕೆಳಗೆ, ಈ ವಿಷಯದಲ್ಲಿ ದೂರಿದ್ದರೆ ಯಾರನ್ನು ಕೇಳಬೇಕೆಂಬ ಹೆಸರು. ಸಂಘದ ಹೆಸರಿನಲ್ಲಿ ಯಾರೂ ಫೋನಿನಲ್ಲಿ ಹಣ ಕೇಳುವುದಿಲ್ಲ ಎಂಬ ಒಂದು ಸಾಲು ದಪ್ಪ ಅಕ್ಷರದಲ್ಲಿ.

ಇಷ್ಟೆಲ್ಲ ಕೇಳಿದರೆ ಜನ ದೂರವಾಗುತ್ತಾರೆ, ಸಂಘದ ಸಲಿಗೆ ಹೋಗುತ್ತದೆ ಎಂಬ ಭಯ ನನಗೂ ಇತ್ತು. ಸಂಕ್ರಾಂತಿಯ ಎಳ್ಳು ಬೆಲ್ಲದ ದಿನ ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿ ಕೂತೆವು. ಗುಂಪು ಬಿಟ್ಟುಹೋಗಿದ್ದ ಅಕ್ಕ ಬಂದು ಸುದ್ದಿಗೆ ಮಾತ್ರ ಟಿಕ್ ಹಾಕಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಾಕಾ ಬಂದರು. ಕನ್ನಡಕ ಏರಿಸಿ ಅರ್ಜಿಯನ್ನು ಮೇಲಿಂದ ಕೆಳಗಿನವರೆಗೆ ಎರಡು ಸಲ ಓದಿದರು. ಸುದ್ದಿಗೆ ಟಿಕ್. ಡೈರೆಕ್ಟರಿಯ ಚೌಕ ಖಾಲಿ ಬಿಟ್ಟರು. ರಾತ್ರಿ ಆಸ್ಪತ್ರೆಯ ಪ್ರಶ್ನೆಗೆ ಬಂದಾಗ ಪೆನ್ನನ್ನು ಒತ್ತಿ ಟಿಕ್ ಹಾಕಿ, ಪಕ್ಕದಲ್ಲಿ ತಾವಾಗಿಯೇ ಮನೆಯ ಇನ್ನೊಂದು ನಂಬರನ್ನೂ ಬರೆದರು.

“ಇದು ನಾವು ಕೇಳಿಲ್ಲ ಕಾಕಾ,” ಎಂದೆ.

“ಕೇಳಿದ್ರಲ್ಲೋ ತಮ್ಮಾ,” ಎಂದರು, “ಈ ಸಲ ಕೇಳಿದ್ರಿ.”